ಅವಿನ್ಯೋನ್‌ಗೆ ಕಡಿಮೆ ಖರ್ಚಿನ ಪ್ರವಾಸ: ದುಡ್ಡು ಎಲ್ಲಿ ಉಳಿಯುತ್ತದೆ, ಎಲ್ಲಿ ಸೋರುತ್ತದೆ

ದಕ್ಷಿಣ ಫ್ರಾನ್ಸ್‌ನ ಅವಿನ್ಯೋನ್ ದುಬಾರಿ ಊರು ಎಂಬ ಮಾತಿದೆ. ಆ ಮಾತು ಅರ್ಧ ಮಾತ್ರ ನಿಜ. ಅಲ್ಲಿ ನೋಡುವುದಕ್ಕೆ ತಗಲುವ ಖರ್ಚು ಬಹಳ ಕಡಿಮೆ. ದುಡ್ಡು ಹೋಗುವುದು ರೈಲಿಗೆ, ಹಾಸಿಗೆಗೆ ಮತ್ತು ತಪ್ಪು ಹೊತ್ತಿನಲ್ಲಿ ತಪ್ಪು ಚೌಕದಲ್ಲಿ ಕೂತು ಮಾಡುವ ಊಟಕ್ಕೆ. ಈ ಮೂರನ್ನು ಮನೆಯಲ್ಲೇ ಕೂತು ಸರಿಯಾಗಿ ತೀರ್ಮಾನಿಸಿಕೊಂಡರೆ ಊರೊಳಗೆ ಕಾಲಿಟ್ಟ ಮೇಲೆ ಲೆಕ್ಕ ಹಾಕುವ ತಾಪತ್ರಯವೇ ಇರುವುದಿಲ್ಲ. ಪುರಸಭೆಯ ವಸ್ತುಸಂಗ್ರಹಾಲಯಗಳಿಗೆ ಪ್ರವೇಶ ಉಚಿತ, ರೋನ್ ನದಿ ದಾಟಿಸುವ ದೋಣಿ ಉಚಿತ, ಬಂಡೆಯ ಮೇಲಿನ ಉದ್ಯಾನವೂ ಉಚಿತ. ಸುಮಾರು 4.3 ಕಿಲೋಮೀಟರ್ ಉದ್ದದ ಕೋಟೆಗೋಡೆಯೊಳಗಿನ ಊರನ್ನು ಕಾಲ್ನಡಿಗೆಯಲ್ಲೇ ಸುತ್ತಬಹುದು, ಬಸ್ಸು ಬೇಕಾಗುವುದಿಲ್ಲ.

ಮೊದಲು ತಿಂಗಳು, ಆಮೇಲೆ ಉಳಿದದ್ದು

ಜುಲೈ ಬೇಡ. ರಂಗಭೂಮಿಗೆಂದೇ ಹೋಗುವವರಿಗೆ ಮಾತ್ರ ಜುಲೈ. 1947ರಲ್ಲಿ ಜ್ಯಾನ್ ವಿಲಾರ್ ಶುರು ಮಾಡಿದ ನಾಟಕೋತ್ಸವ ಆ ತಿಂಗಳಲ್ಲಿ ಸುಮಾರು ಮೂರು ವಾರ ನಡೆಯುತ್ತದೆ. ಅದರ ಜೊತೆಗೇ ‘ಆಫ್’ ಎಂಬ ಸಮಾನಾಂತರ ಉತ್ಸವವೂ ಸಾವಿರಕ್ಕೂ ಹೆಚ್ಚು ಪ್ರದರ್ಶನಗಳೊಂದಿಗೆ ಊರಿನ ಮೂಲೆಮೂಲೆಯನ್ನು ತುಂಬುತ್ತದೆ. ಕೊಠಡಿಗಳ ದರ ದುಪ್ಪಟ್ಟಿಗೂ ಮೇಲೆ ಹೋಗುತ್ತದೆ, ತಿಂಗಳುಗಟ್ಟಲೆ ಮುಂಚೆಯೇ ಕೊಠಡಿಗಳು ಭರ್ತಿಯಾಗುತ್ತವೆ, ಬಿಸಿಲು 35 ಡಿಗ್ರಿ ದಾಟುವುದು ಮಾಮೂಲು. ನಾಟಕಕ್ಕಾಗಿಯೇ ಹೋಗುವುದಾದರೆ ಆಫ್ ಉತ್ಸವದ ಕಾರ್ಡ್ ಕೊಳ್ಳಿ. ಟಿಕೆಟ್ ಮೇಲೆ ಶೇ. 30ರಷ್ಟು ರಿಯಾಯಿತಿ ಸಿಗುತ್ತದೆ. ಮಲಗಲು ಹತ್ತಿರದ ಊರುಗಳಾದ ಆರ್ಲ್ ಅಥವಾ ಆರಾಂಜ್‌ನಲ್ಲಿ ಜಾಗ ಹುಡುಕಿ, ಆದರೆ ರಾತ್ರಿಯ ಕೊನೆಯ ರೈಲು ಎಷ್ಟಕ್ಕೆ ಎಂದು ನೋಡಿಕೊಂಡ ಮೇಲಷ್ಟೇ ನಾಟಕದ ಟಿಕೆಟ್ ತೆಗೆಯಿರಿ. ರಾತ್ರಿ ಹತ್ತಕ್ಕೆ ಶುರುವಾಗುವ ಪ್ರದರ್ಶನ ಮುಗಿಯುವ ಹೊತ್ತಿಗೆ ರೈಲು ಹೋಗಿರುತ್ತದೆ.

ಉಳಿದವರಿಗೆ ಮಾರ್ಚ್ ಕೊನೆಯಿಂದ ಮೇ ನಡುವಿನವರೆಗೆ, ಮತ್ತೆ ಸೆಪ್ಟೆಂಬರ್ ಎರಡನೇ ವಾರದಿಂದ ಅಕ್ಟೋಬರ್‌ವರೆಗೆ ಒಳ್ಳೆಯ ಕಾಲ. ದರ ಇನ್ನೂ ಇಳಿಯಬೇಕೆಂದರೆ ನವೆಂಬರ್ ಅಥವಾ ಫೆಬ್ರವರಿ. ಶರತ್ಕಾಲದಲ್ಲಿ ಈ ಸೀಮೆಯಲ್ಲಿ ಒಂದೆರಡು ದಿನ ಬಿಡದೆ ಭಾರೀ ಮಳೆ ಸುರಿಯುವುದುಂಟು. ಮಳೆಗಿಂತ ಹೆಚ್ಚು ಕಾಡುವುದು ಮಿಸ್ತ್ರಾಲ್ ಗಾಳಿ. ರೋನ್ ಕಣಿವೆಯುದ್ದಕ್ಕೂ ಉತ್ತರದಿಂದ ನುಗ್ಗಿ ಬರುವ ಒಣ ಗಾಳಿ ಇದು. ಆಕಾಶ ಶುಭ್ರ ನೀಲಿಯಾಗಿರುತ್ತದೆ, ಫೋನಿನ ಹವಾಮಾನ ಆ್ಯಪ್ 16 ಡಿಗ್ರಿ ಎನ್ನುತ್ತದೆ, ಬಂಡೆಯ ಮೇಲೆ ನಿಂತರೆ ಹಲ್ಲು ಕಟಕಟ ಎನ್ನುತ್ತದೆ. ಏಪ್ರಿಲ್‌ನಲ್ಲೂ ಗಾಳಿ ತಡೆಯುವ ತೆಳು ಜಾಕೆಟ್ ಇರಲಿ. ಕೊಡೆಯಿಂದ ಏನೂ ಉಪಯೋಗವಿಲ್ಲ, ಗಾಳಿ ತಿರುಚಿ ಹಾಕುತ್ತದೆ.

ಲ್ಯಾವೆಂಡರ್ ಹೊಲಗಳನ್ನೂ ಇದೇ ಪ್ರವಾಸಕ್ಕೆ ಸೇರಿಸುವ ಆಸೆ ಬಹಳ ಜನರಿಗೆ. ಹೂವಿನ ಕಾಲ ಜೂನ್ ನಡುವಿನಿಂದ ಜುಲೈ ನಡುವಿನವರೆಗೆ. ಹೆಸರುವಾಸಿ ವಾಲಾನ್ಸೋಲ್ ಪ್ರಸ್ಥಭೂಮಿ ಅವಿನ್ಯೋನ್‌ನಿಂದ ದೂರ, ಸ್ವಂತ ಕಾರಿಲ್ಲದೆ ಕಷ್ಟ. ಅದಕ್ಕೆ ಬೇರೆಯೇ ಬಜೆಟ್ ಬೇಕು. ಇಲ್ಲಿ ಸೇರಿಸಬೇಡಿ.

ವೀಸಾ: ಚಿಕ್ಕದಾಗಿ

ಭಾರತದ ಪಾಸ್‌ಪೋರ್ಟ್ ಇದ್ದವರಿಗೆ ಅಲ್ಪಾವಧಿಯ ಶೆಂಗೆನ್ ವೀಸಾ ಬೇಕು. 2024ರ ಜೂನ್‌ನಿಂದ ಶುಲ್ಕ 90 ಯೂರೋ, 6ರಿಂದ 11 ವರ್ಷದ ಮಕ್ಕಳಿಗೆ 45. ಅರ್ಜಿ ಕೇಂದ್ರದ ಸೇವಾ ಶುಲ್ಕ ಇದರ ಮೇಲೆ. ಕನಿಷ್ಠ 30,000 ಯೂರೋ ವೈದ್ಯಕೀಯ ವಿಮೆ ಕಡ್ಡಾಯ. ಹೊರಡುವ ಆರು ತಿಂಗಳ ಮುಂಚಿನಿಂದ ಅರ್ಜಿ ಹಾಕಬಹುದು, ಹದಿನೈದು ದಿನಕ್ಕಿಂತ ತಡ ಮಾಡುವಂತಿಲ್ಲ. ವೀಸಾ ಕೈಸೇರುವವರೆಗೆ ರದ್ದು ಮಾಡಬಹುದಾದ ಕೊಠಡಿಯನ್ನಷ್ಟೇ ಕಾಯ್ದಿರಿಸಿ. ಕಡಿಮೆ ದರ ಎಂದು ಹಣ ವಾಪಸ್ ಬಾರದ ಕೊಠಡಿ ಹಿಡಿದು, ವೀಸಾ ತಡವಾಗಿ, ಎರಡು ಸಲ ದುಡ್ಡು ಕೊಡುವ ಪಾಡು ಬೇಡ.

ಎರಡು ನಿಲ್ದಾಣಗಳ ಗೊಂದಲ

ಅವಿನ್ಯೋನ್‌ನಲ್ಲಿ ಎರಡು ರೈಲು ನಿಲ್ದಾಣಗಳಿವೆ. ‘ಅವಿನ್ಯೋನ್ ಸಾಂತ್ರ್’ ಕೋಟೆಗೋಡೆಯ ಎದುರಿಗೇ ಇದೆ. ಹೊರಬಂದು ರಸ್ತೆ ದಾಟಿ ಗಣರಾಜ್ಯ ದ್ವಾರದೊಳಗೆ ನುಗ್ಗಿದರೆ ಊರಿನ ಮುಖ್ಯ ಬೀದಿ. ‘ಅವಿನ್ಯೋನ್ ಟಿಜಿವಿ’ ಊರಾಚೆ ನಾಲ್ಕು ಕಿಲೋಮೀಟರ್ ಆಸುಪಾಸಿನಲ್ಲಿದೆ. ಟಿಜಿವಿ ಎಂಬ ವೇಗದ ರೈಲುಗಳು ಹೆಚ್ಚಾಗಿ ನಿಲ್ಲುವುದು ಇಲ್ಲಿ. ಹೊಸಬರು ಇಲ್ಲಿಳಿದು ಟ್ಯಾಕ್ಸಿ ಹಿಡಿಯುತ್ತಾರೆ. ಅಗತ್ಯವಿಲ್ಲ: ಇದೇ ನಿಲ್ದಾಣದಿಂದ ಸಾಂತ್ರ್‌ಗೆ ಪ್ರಾದೇಶಿಕ ರೈಲು ಹೋಗುತ್ತದೆ, ಐದಾರು ನಿಮಿಷದ ದಾರಿ, ಟಿಕೆಟ್ ಎರಡು ಯೂರೋ ಆಸುಪಾಸು. ಪ್ಯಾರಿಸ್‌ನಿಂದ ಟಿಕೆಟ್ ತೆಗೆಯುವಾಗಲೇ ಕೊನೆಯ ನಿಲ್ದಾಣ ‘ಸಾಂತ್ರ್’ ಎಂದು ಕೊಟ್ಟು ನೋಡಿ, ಬದಲಿ ರೈಲು ಸೇರಿಸಿಯೇ ತೋರಿಸುತ್ತದೆ. ರಾತ್ರಿ ತಡವಾಗಿ ಬಂದಿಳಿದರೆ ಮಾತ್ರ ಈ ಚಿಕ್ಕ ರೈಲು ಇರುವುದಿಲ್ಲ, ಟ್ಯಾಕ್ಸಿಗೆ ದುಡ್ಡು ತೆರಲೇಬೇಕು. ಹಾಗಾಗಿ ಸಂಜೆ ಎಂಟರೊಳಗೆ ತಲುಪುವ ರೈಲು ಹಿಡಿಯಿರಿ.

ಪ್ಯಾರಿಸ್‌ನ ಗಾರ್ ದ ಲಿಯೋನ್‌ನಿಂದ ವೇಗದ ರೈಲಿನಲ್ಲಿ ಸುಮಾರು 2 ಗಂಟೆ 40 ನಿಮಿಷ. ಈ ದಾರಿಯಲ್ಲಿ ಒಂದೇ ಸೀಟಿನ ಬೆಲೆ, ಎಷ್ಟು ಮುಂಚೆ ಕೊಂಡಿರಿ ಎನ್ನುವುದರ ಮೇಲೆ ಮೂರು ನಾಲ್ಕು ಪಟ್ಟು ಬದಲಾಗುತ್ತದೆ. ಮಾರಾಟ ಶುರುವಾದ ಮೊದಲ ವಾರಗಳಲ್ಲೇ ಕೊಳ್ಳಿ. ಶುಕ್ರವಾರ ಸಂಜೆ ಮತ್ತು ಭಾನುವಾರ ಮಧ್ಯಾಹ್ನದ ರೈಲು ಬಿಡಿ. ಕಡಿಮೆ ದರದ ‘ವೀಗೋ’ ರೈಲೂ ಅವಿನ್ಯೋನ್ ಟಿಜಿವಿಯಲ್ಲಿ ನಿಲ್ಲುತ್ತದೆ. ಅದರ ಮೂಲ ಟಿಕೆಟ್‌ಗೆ ಒಂದು ಚಿಕ್ಕ ಕೈಚೀಲ ಮತ್ತು 55 × 35 × 25 ಸೆಂಟಿಮೀಟರ್ ಅಳತೆಯ ಒಂದು ಕ್ಯಾಬಿನ್ ಪೆಟ್ಟಿಗೆ ಮಾತ್ರ ಸೇರಿದೆ. ದೊಡ್ಡ ಪೆಟ್ಟಿಗೆಗೆ ಟಿಕೆಟ್ ಕೊಳ್ಳುವಾಗಲೇ ಹೆಚ್ಚುವರಿ ಹಣ ಕಟ್ಟಿಬಿಡಿ, ನಿಲ್ದಾಣದಲ್ಲಿ ಕಟ್ಟಿದರೆ ಜಾಸ್ತಿ. ಎರಡು ದೊಡ್ಡ ಪೆಟ್ಟಿಗೆ ಇರುವ ಕುಟುಂಬಕ್ಕೆ ಮಾಮೂಲಿ ಟಿಜಿವಿಯೇ ಅಗ್ಗವಾಗುವುದೂ ಉಂಟು, ಎರಡನ್ನೂ ಕೂಡಿಸಿ ನೋಡಿ.

ವಿಮಾನ ಪ್ಯಾರಿಸ್‌ನ ಶಾರ್ಲ್ ದ ಗೋಲ್‌ನಲ್ಲಿ ಇಳಿಯುವುದಾದರೆ ಊರೊಳಗೆ ಹೋಗುವ ಗೋಜೇ ಬೇಡ. ವಿಮಾನ ನಿಲ್ದಾಣದೊಳಗೇ ವೇಗದ ರೈಲಿನ ನಿಲ್ದಾಣವಿದೆ, ಅಲ್ಲಿಂದ ಅವಿನ್ಯೋನ್‌ಗೆ ನೇರ ರೈಲು ಉಂಟು. ವಿಮಾನ ತಡವಾಗುವ ಸಾಧ್ಯತೆಗೆ ಕನಿಷ್ಠ ಮೂರು ಗಂಟೆ ಬಿಡುವು ಇಟ್ಟುಕೊಳ್ಳಿ. ಮಾರ್ಸೆಯಲ್ಲಿ ಇಳಿದರೆ ವಿಮಾನ ನಿಲ್ದಾಣದಿಂದ ಹತ್ತಿರದ ವಿತ್ರೋಲ್ ರೈಲು ನಿಲ್ದಾಣಕ್ಕೆ ಶಟಲ್ ಬಸ್ಸಿದೆ, ಅಲ್ಲಿಂದ ಪ್ರಾದೇಶಿಕ ರೈಲು ಸೀದಾ ಸಾಂತ್ರ್‌ಗೆ.

ಪ್ರಾದೇಶಿಕ ರೈಲುಗಳಿಗೆ, ಅಂದರೆ ಟಿಇಆರ್‌ಗೆ, ಸೀಟು ಕಾಯ್ದಿರಿಸುವ ಪದ್ಧತಿ ಇಲ್ಲ. ಟಿಕೆಟ್ ಮಾತ್ರ ಹತ್ತುವ ಮೊದಲೇ ಇರಬೇಕು, ಒಳಗೆ ಕೊಂಡರೆ ಹೆಚ್ಚು ಕೀಳುತ್ತಾರೆ.

ಬಾಡಿಗೆ ಕಾರಿನಲ್ಲಿ ಬರುವವರು ಅದನ್ನು ಕೋಟೆಯೊಳಗೆ ತರಬೇಡಿ. ಗೋಡೆಯ ಹೊರಗೆ ‘ಇಟಾಲಿಯಾನ್’ ಮತ್ತು ‘ಈಲ್ ಪಿಯೋ’ ಎಂಬ ಎರಡು ದೊಡ್ಡ ಪಾರ್ಕಿಂಗ್ ಜಾಗಗಳಿವೆ, ಎರಡೂ ಉಚಿತ. ಪಿಯೋದಿಂದ ಡಲಾಡಿಯೇ ಸೇತುವೆ ಮೇಲೆ ನಡೆದರೇ ಊರು ಸಿಗುತ್ತದೆ. ಕಾರಿನೊಳಗೆ ಕಣ್ಣಿಗೆ ಬೀಳುವಂತೆ ಏನನ್ನೂ ಬಿಡಬೇಡಿ.

ಹಾಸಿಗೆ

ಇಲ್ಲಿ ಮೂರು ದಾರಿ. ಕೋಟೆಯೊಳಗಿನ ಚಿಕ್ಕ ಹೋಟೆಲು: ಸೀಸನ್ ಅಲ್ಲದ ದಿನಗಳಲ್ಲಿ ಇಬ್ಬರಿಗೆ 70ರಿಂದ 100 ಯೂರೋ ಲೆಕ್ಕ ಇಟ್ಟುಕೊಳ್ಳಿ. ಲಿಫ್ಟ್ ಇದೆಯೇ ಎಂದು ಮೊದಲೇ ಕೇಳಿ, ಹಳೆಯ ಕಟ್ಟಡಗಳ ಸುರುಳಿ ಮೆಟ್ಟಿಲಲ್ಲಿ ಪೆಟ್ಟಿಗೆ ಹೊರುವುದು ವಯಸ್ಸಾದವರಿಗೆ ಆಗದ ಕೆಲಸ. ಎರಡನೆಯದು ಹಾಸ್ಟೆಲ್, ಒಂದು ಹಾಸಿಗೆಗೆ 30ರಿಂದ 45 ಯೂರೋ. ಮೂರನೆಯದು ನದಿಯ ಆಚೆ ಬಾರ್ತಲಾಸ್ ದ್ವೀಪದ ಕ್ಯಾಂಪಿಂಗ್ ಜಾಗಗಳು. ಡೇರೆ ಇಲ್ಲದವರಿಗೂ ಅಲ್ಲಿ ಬಾಡಿಗೆಯ ಮರದ ಗುಡಿಸಲುಗಳು ಸಿಗುತ್ತವೆ, ಅಡುಗೆ ಮಾಡಿಕೊಳ್ಳಬಹುದು. ನಾಲ್ವರ ಕುಟುಂಬಕ್ಕೆ ಇದಕ್ಕಿಂತ ಮಿತವಾದದ್ದು ಸಿಗುವುದು ಕಷ್ಟ. ಡೇರೆ ಹಾಕುವವರು ಮಾತ್ರ ಮಿಸ್ತ್ರಾಲ್ ನೆನಪಿಟ್ಟುಕೊಂಡು ಮರಗಳ ಮರೆಯ ಜಾಗ ಕೇಳಿ, ಎಲ್ಲ ಹಗ್ಗವನ್ನೂ ಬಿಗಿಯಿರಿ.

ಟಿಜಿವಿ ನಿಲ್ದಾಣದ ಸುತ್ತಲಿನ ಹೋಟೆಲುಗಳು ಪಟ್ಟಿಯಲ್ಲಿ ಹತ್ತಿಪ್ಪತ್ತು ಯೂರೋ ಕಡಿಮೆ ಕಾಣುತ್ತವೆ. ದಿನಕ್ಕೆ ಎರಡು ಸಲ ಇಬ್ಬರ ಓಡಾಟದ ಖರ್ಚು, ಹತ್ತಿರದಲ್ಲಿ ಅಂಗಡಿ ಇಲ್ಲದ್ದರಿಂದ ಹೊರಗಿನ ಊಟ, ಇವನ್ನು ಸೇರಿಸಿದರೆ ಆ ಉಳಿತಾಯ ಕರಗುತ್ತದೆ. ಯಾವ ಕೊಠಡಿಯಾದರೂ ತಲೆಗೆ ಒಂದು ರಾತ್ರಿಗೆ ಇಷ್ಟು ಎಂದು ಪ್ರವಾಸಿ ತೆರಿಗೆ ಬೇರೆ ಇರುತ್ತದೆ. ಬುಕಿಂಗ್ ಮೊತ್ತದಲ್ಲಿ ಅದು ಸೇರಿದೆಯೋ ಇಲ್ಲವೋ ಓದಿ.

ದುಡ್ಡು ಕೊಟ್ಟು ನೋಡಬೇಕಾದ್ದು ಒಂದೇ

ಪೋಪ್‌ಗಳ ಅರಮನೆಗೆ ಟಿಕೆಟ್ ತೆಗೆಯಿರಿ, ಇದರಲ್ಲಿ ಜಿಪುಣತನ ಬೇಡ. 1309ರಲ್ಲಿ ಐದನೇ ಕ್ಲೆಮೆಂಟ್ ಇಲ್ಲಿಗೆ ಬಂದಾಗಿನಿಂದ 1370ರ ದಶಕದವರೆಗೆ ಒಬ್ಬರ ನಂತರ ಒಬ್ಬರಂತೆ ಏಳು ಪೋಪ್‌ಗಳು ರೋಮ್ ಬಿಟ್ಟು ಈ ಊರಿನಲ್ಲಿ ಆಳಿದರು. ಅರಮನೆಯಲ್ಲಿ ಎರಡು ಮನಸ್ಸು ಕಾಣುತ್ತದೆ: ಹನ್ನೆರಡನೇ ಬೆನೆಡಿಕ್ಟ್ 1335ರಿಂದ ಕಟ್ಟಿಸಿದ ಹಳೆಯ ಭಾಗ ಮಠದಂತೆ ಬಿಗಿ, ಅವರ ನಂತರ ಬಂದ ಆರನೇ ಕ್ಲೆಮೆಂಟ್ ಕಟ್ಟಿಸಿದ ಹೊಸ ಭಾಗ ವಿಶಾಲ, ವೈಭವದ್ದು. ಇದೇ ಕ್ಲೆಮೆಂಟ್ 1348ರಲ್ಲಿ ನೇಪಲ್ಸ್‌ನ ರಾಣಿ ಜೊವಾನಾಳಿಂದ ಇಡೀ ಊರನ್ನೇ 80,000 ಫ್ಲೋರಿನ್‌ಗೆ ಕೊಂಡುಕೊಂಡರು.

ಒಳಗೆ ಹೋದವರಲ್ಲಿ ಕೆಲವರಿಗೆ ನಿರಾಶೆಯಾಗುತ್ತದೆ. ಬಹುತೇಕ ಕೋಣೆಗಳು ಬರಿದು, ಕಲ್ಲಿನ ಗೋಡೆ ಬಿಟ್ಟರೆ ಏನಿಲ್ಲ. ಫ್ರೆಂಚ್ ಕ್ರಾಂತಿಯ ಕಾಲದ ಲೂಟಿಯ ಮೇಲೆ, ನಂತರ 1906ರವರೆಗೆ ಇದು ಸೈನಿಕರ ಬ್ಯಾರಕ್ ಆಗಿತ್ತು. ಟಿಕೆಟ್ ಜೊತೆ ಕೊಡುವ ಟ್ಯಾಬ್ಲೆಟ್ ಬೇಡ ಎನ್ನಬೇಡಿ. ಆಯಾ ಕೋಣೆಯಲ್ಲಿ ಅದನ್ನು ಎತ್ತಿ ಹಿಡಿದರೆ ಹದಿನಾಲ್ಕನೇ ಶತಮಾನದ ಬಣ್ಣ, ಪರದೆ, ಪೀಠೋಪಕರಣ ಅದರ ತೆರೆಯ ಮೇಲೆ ಮೂಡುತ್ತವೆ. ಬಣ್ಣ ನಿಜವಾಗಿ ಉಳಿದಿರುವ ಜಾಗಗಳಲ್ಲಿ ನಿಧಾನಿಸಿ. ಜಿಂಕೆಯ ಕೋಣೆ ಆರನೇ ಕ್ಲೆಮೆಂಟ್ ಅವರ ಓದಿನ ಕೋಣೆಯಾಗಿತ್ತು. ನಾಲ್ಕೂ ಗೋಡೆಗೆ ಕಾಡು ಹರಡಿದೆ: ಗಿಡುಗ ಹಿಡಿದ ಬೇಟೆಗಾರ, ಹಣ್ಣು ಕೀಳುವವರು, ಚೌಕದ ಕೊಳವೊಂದರ ಸುತ್ತ ಮೀನು ಹಿಡಿಯುವವರು, ನೀರಿನೊಳಗೆ ಒಂದೊಂದು ಮೀನೂ ಬೇರೆಬೇರೆಯಾಗಿ ಕಾಣುವಂತೆ. ಪೋಪ್ ಒಬ್ಬರ ಕೋಣೆಯಲ್ಲಿ ದೇವರ ಒಂದು ಚಿತ್ರವೂ ಇಲ್ಲದಿರುವುದನ್ನು ಗಮನಿಸಿ. ಹತ್ತು ನಿಮಿಷವಾದರೂ ಇಲ್ಲಿ ನಿಲ್ಲಿ, ಗುಂಪು ಮುಂದೆ ಹೋಗಲಿ.

ಇಡೀ ಅರಮನೆಗೆ ಎರಡು ಗಂಟೆ ಬೇಕು. ಬೆಳಗ್ಗೆ ಬಾಗಿಲು ತೆರೆಯುವಾಗ ಹೋಗಿ, ಇಲ್ಲವೇ ಮುಚ್ಚುವ ಎರಡೂವರೆ ಗಂಟೆ ಮೊದಲು. ಮುಚ್ಚುವ ಒಂದು ಗಂಟೆ ಮುಂಚೆಯೇ ಟಿಕೆಟ್ ಕೊಡುವುದು ನಿಲ್ಲಿಸುತ್ತಾರೆ, ಚಳಿಗಾಲದಲ್ಲಿ ಬೇಗ ಮುಚ್ಚುತ್ತಾರೆ. ದೊಡ್ಡ ಪೆಟ್ಟಿಗೆ ಒಳಗೆ ಬಿಡುವುದಿಲ್ಲ.

ಸೇತುವೆಯ ವಿಷಯ. ಸೇಂಟ್ ಬೆನೆಜೆ ಸೇತುವೆಗೆ ಒಂದು ಕಾಲಕ್ಕೆ 22 ಕಮಾನುಗಳಿದ್ದವು, ಈಗ ಉಳಿದಿರುವುದು ನಾಲ್ಕು. ಅದರ ಮೇಲೆ ನಡೆಯಲು ಟಿಕೆಟ್ ಇದೆ, ಅರಮನೆ ಜೊತೆ ಸೇರಿಸಿದ ಟಿಕೆಟ್ ಕೂಡ ಇದೆ. ಅದರ ಮೇಲೆ ನಿಂತವರಿಗೆ ಆ ಸೇತುವೆಯೇ ಕಾಣುವುದಿಲ್ಲ. ಕೈ ಬಿಗಿಯಿದ್ದರೆ ಈ ಟಿಕೆಟ್ ಬಿಟ್ಟುಬಿಡಿ. ಕೋಟೆಗೋಡೆಯ ಹೊರಗೆ, ಸೇತುವೆಯ ಪೂರ್ವಕ್ಕಿರುವ ಕಟ್ಟೆಯಿಂದ ಉಚಿತ ದೋಣಿ ಹತ್ತಿ ಬಾರ್ತಲಾಸ್ ದ್ವೀಪಕ್ಕೆ ದಾಟಿ, ದಡದ ದಾರಿಯಲ್ಲಿ ನಡೆಯಿರಿ. ನದಿ ಮಧ್ಯೆ ಮುರಿದು ನಿಂತ ಕಮಾನುಗಳು, ಅದರ ಹಿಂದೆ ಕೋಟೆ, ಅದರ ಮೇಲೆ ಅರಮನೆ, ಎಲ್ಲವೂ ಒಟ್ಟಿಗೆ ಕಾಣುತ್ತವೆ. ಸಂಜೆ ಬಿಸಿಲು ಅರಮನೆಯ ಮೇಲೆ ಬೀಳುವ ಹೊತ್ತು ಒಳ್ಳೆಯದು. ಗಾಳಿ ಜೋರಾದರೆ, ನದಿ ಉಕ್ಕಿದರೆ ದೋಣಿ ನಿಲ್ಲುತ್ತದೆ. ಚಳಿಗಾಲದಲ್ಲಿ ಓಡುವ ಹೊತ್ತು ಕಡಿಮೆ. ಆಗ ಡಲಾಡಿಯೇ ಸೇತುವೆ ಮೇಲೆ ನಡೆದು ಹೋಗಿ.

ಹಲವು ಜಾಗಗಳಿಗೆ ಒಂದೇ ಟಿಕೆಟ್ ಆಗುವ ಸಿಟಿ ಪಾಸ್ ಕೊಳ್ಳಬೇಕೇ ಎಂಬ ಪ್ರಶ್ನೆ ಎಲ್ಲರಿಗೂ ಬರುತ್ತದೆ. ಪುರಸಭೆಯ ಸಂಗ್ರಹಾಲಯಗಳು 2018ರಿಂದ ಹೇಗೂ ಉಚಿತ, ಆದ್ದರಿಂದ ಅವುಗಳ ಲೆಕ್ಕ ಹಿಡಿದು ಪಾಸ್ ಕೊಳ್ಳಬೇಡಿ. ಒಂದೆರಡು ದಿನದೊಳಗೆ ಅರಮನೆ, ಸೇತುವೆ, ಜೊತೆಗೆ ಆಚೆ ದಡದ ವಿಲ್‌ನವ್‌ನ ಕೋಟೆ ಮತ್ತು ಮಠ ಇಷ್ಟನ್ನೂ ನೋಡುವವರಿಗೆ ಮಾತ್ರ ಪಾಸ್ ಲಾಭ. ಅರಮನೆ ಒಂದೇ ಸಾಕು ಎನ್ನುವವರಿಗೆ ಬಿಡಿ ಟಿಕೆಟ್.

ಬಿಟ್ಟಿ ನೋಡುವುದರಲ್ಲಿ ಮೊದಲು ಯಾವುದು

ಅರಮನೆ ಚೌಕದ ಉತ್ತರ ತುದಿಯ ಪೆತಿ ಪ್ಯಾಲೇಗೆ ಮೊದಲ ಸ್ಥಾನ. ಮಧ್ಯಯುಗದ ಇಟಲಿಯ ಚಿತ್ರಗಳ ದೊಡ್ಡ ಸಂಗ್ರಹ ಇಲ್ಲಿದೆ. ಯುವಕನಾಗಿದ್ದಾಗ ಇಟಲಿಯ ಚಿತ್ರಕಾರ ಬೊತ್ತಿಚೆಲ್ಲಿ ಬರೆದ ತಾಯಿ-ಮಗುವಿನ ಚಿತ್ರದ ಮುಂದೆ, ಒಂದು ಕಾಸೂ ಕೊಡದೆ, ಅನೇಕ ಸಲ ಒಬ್ಬರೇ ನಿಲ್ಲಬಹುದು. ಮಂಗಳವಾರ ರಜೆ. ಮುಖ್ಯ ಬೀದಿಯಲ್ಲೇ ಹಳೆಯ ಜೆಸ್ಯೂಟ್ ಚಾಪೆಲ್‌ನೊಳಗಿರುವ ಲಾಪಿಡೇರ್ ಸಂಗ್ರಹಾಲಯದಲ್ಲಿ ಪ್ರಾಚೀನ ಶಿಲ್ಪಗಳಿವೆ, ಸೋಮವಾರ ರಜೆ. ಮಧ್ಯಾಹ್ನ ಒಂದು ಗಂಟೆ ಬಾಗಿಲು ಹಾಕುವ ಸಂಗ್ರಹಾಲಯಗಳೂ ಇವೆ.

ಅರಮನೆ ಪಕ್ಕದ ಕ್ಯಾಥೆಡ್ರಲ್ ದಾಟಿ ಇಳಿಜಾರು ಹತ್ತಿದರೆ ರೋಶೆ ದೇ ದೋಮ್ ಉದ್ಯಾನ. ಬೆಂಚು, ನೆರಳು, ಕೊಳ ಎಲ್ಲ ಇದೆ, ದೂರದಲ್ಲಿ ಮೋಂ ವಾಂತು ಶಿಖರ. ಕಟ್ಟಿಕೊಂಡು ಹೋದ ಊಟ ಬಿಚ್ಚಲು ಇದಕ್ಕಿಂತ ಒಳ್ಳೆಯ ಜಾಗ ಊರಲ್ಲಿಲ್ಲ. ಇನ್ನೊಂದು ದಿಕ್ಕಿನಲ್ಲಿ ಬಣ್ಣಗಾರರ ಬೀದಿ: ಸೋರ್ಗ್ ಕಾಲುವೆಯ ಪಕ್ಕ ಕಲ್ಲುಹಾಸಿನ ದಾರಿ, ಬಟ್ಟೆ ಕಾರ್ಖಾನೆಗಳನ್ನು ನಡೆಸುತ್ತಿದ್ದ ಕೆಲವು ನೀರುಚಕ್ರಗಳು ಪಾಚಿ ಹಿಡಿದು ಇನ್ನೂ ನಿಂತಿವೆ.

ಫ್ರಾನ್ಸ್‌ನಲ್ಲೇ ಓದುತ್ತಿರುವ, 26 ತುಂಬದ ವಿದ್ಯಾರ್ಥಿಗಳು ನಿವಾಸ ಪತ್ರ ಇಟ್ಟುಕೊಂಡು ಹೋಗಿ. ವಿಲ್‌ನವ್‌ನ ಸೇಂಟ್ ಆಂದ್ರೆ ಕೋಟೆಯಂತಹ ರಾಷ್ಟ್ರೀಯ ಸ್ಮಾರಕಗಳಿಗೆ ಅವರಿಗೆ ಪ್ರವೇಶ ಉಚಿತ. 18 ತುಂಬದವರಿಗೂ ಅಷ್ಟೇ.

ಊಟ

ಗಡಿಯಾರದ ಚೌಕದಲ್ಲಿ ಕೂತು ಊಟ ಮಾಡಬೇಡಿ, ಅಲ್ಲಿ ಬೆಲೆ ಜಾಗಕ್ಕೆ. ಎರಡು ಬೀದಿ ಆಚೆ, ಕೋರ್ ಸೇಂ ಚೌಕದ ಕಡೆ ಅಥವಾ ಬಣ್ಣಗಾರರ ಬೀದಿಯ ಕಡೆ ಹೋಗಿ. ದೊಡ್ಡ ಊಟ ಮಧ್ಯಾಹ್ನವೇ ಮಾಡಿ: ವಾರದ ದಿನಗಳಲ್ಲಿ ಬಾಗಿಲ ಬಳಿಯ ಹಲಗೆಯ ಮೇಲೆ ಬರೆದಿರುವ ‘ಪ್ಲಾ ದು ಜೂರ್’ (ದಿನದ ಖಾದ್ಯ) ಅಥವಾ ‘ಫಾರ್ಮ್ಯೂಲ್’ (ನಿಗದಿತ ಬೆಲೆಯ ಊಟ) ನೋಡಿ, 14ರಿಂದ 20 ಯೂರೋ ಒಳಗೆ ಮುಗಿಯುತ್ತದೆ. ಅದೇ ಹೋಟೆಲಿನಲ್ಲಿ ರಾತ್ರಿ ಹೆಚ್ಚು ತೆರಬೇಕು. ಹನ್ನೆರಡರಿಂದ ಒಂದೂವರೆ ಒಳಗೆ ಕೂತುಬಿಡಿ. ಎರಡು ಗಂಟೆಗೆ ಅಡುಗೆಮನೆ ಮುಚ್ಚುತ್ತದೆ. ಆಮೇಲೆ ಬಂದವರಿಗೆ ಸಿಗುವುದು ಪ್ರವಾಸಿಗರ ಚೌಕದ ದುಬಾರಿ ಸ್ಯಾಂಡ್‌ವಿಚ್.

ನೀರಿನ ಬಾಟಲಿ ತರಿಸಬೇಡಿ. ‘ಉನ್ ಕಾರಾಫ್ ದೋ, ಸಿಲ್ ವು ಪ್ಲೇ’ ಎಂದರೆ ನಲ್ಲಿ ನೀರು ಹೂಜಿಯಲ್ಲಿ ಬರುತ್ತದೆ, ಊಟದ ಜೊತೆ ಅದಕ್ಕೆ ಹಣ ಕೇಳುವಂತಿಲ್ಲ. ರೊಟ್ಟಿಗೂ ಹಾಗೆಯೇ. ಸೇವಾ ಶುಲ್ಕ ಬೆಲೆಯಲ್ಲೇ ಸೇರಿರುತ್ತದೆ, ಟಿಪ್ಸ್ ಕೊಡಲೇಬೇಕೆಂದಿಲ್ಲ.

ಉಳಿದ ಹೊತ್ತಿಗೆ ಮಾರುಕಟ್ಟೆ. ಪೀ ಚೌಕದ ‘ಲೇ ಆಲ್’ ಒಳಾಂಗಣ ಮಾರುಕಟ್ಟೆಯ ಮುಂಗೋಡೆ ಪೂರ್ತಿ ಗಿಡಗಳಿಂದ ಮುಚ್ಚಿದೆ, ಹುಡುಕುವುದೇ ಬೇಡ. ಬೆಳಗ್ಗೆಯಿಂದ ಮಧ್ಯಾಹ್ನ ಒಂದೂವರೆಯವರೆಗೆ, ಸೋಮವಾರ ರಜೆ. ಇಬ್ಬರಿಗೆ ಒಂದು ಬ್ಯಾಗೆಟ್, ಒಂದು ಚಿಕ್ಕ ಮೇಕೆಹಾಲಿನ ಚೀಸ್, 150 ಗ್ರಾಂ ಆಲಿವ್, ಎರಡು ಟೊಮೆಟೊ, ಕಾಲಕ್ಕೆ ತಕ್ಕ ಹಣ್ಣು ಅರ್ಧ ಕಿಲೋ: ಹತ್ತು-ಹನ್ನೆರಡು ಯೂರೋದಲ್ಲಿ ಹೊಟ್ಟೆ ತುಂಬುತ್ತದೆ. ಹಣ್ಣನ್ನು ನೀವೇ ಮುಟ್ಟಿ ಆರಿಸಬೇಡಿ, ಅಂಗಡಿಯವರಿಗೆ ಹೇಳಿ.

ಸಸ್ಯಾಹಾರಿಗಳಿಗೆ ಎಚ್ಚರಿಕೆಯ ಮಾತು. ಕಪ್ಪು ಆಲಿವ್ ಚಟ್ನಿಯಂತೆ ಕಾಣುವ ತಾಪನಾಡ್‌ನಲ್ಲಿ ಸಾಮಾನ್ಯವಾಗಿ ಆಂಚೊವಿ ಮೀನು ರುಬ್ಬಿರುತ್ತಾರೆ. ಫುಗಾಸ್ ರೊಟ್ಟಿಯೊಳಗೆ ಹಂದಿಮಾಂಸದ ಚೂರು ಇರಬಹುದು. ‘ಸಾಂ ವಿಯಾಂದ್, ಸಾಂ ಪ್ವಾಸೋಂ’ ಅಂದರೆ ಮಾಂಸ ಬೇಡ, ಮೀನು ಬೇಡ ಎಂದು ಎರಡನ್ನೂ ಹೇಳಬೇಕು; ಮಾಂಸ ಬೇಡ ಎಂದಷ್ಟೇ ಹೇಳಿದರೆ ಮೀನು ಬರುತ್ತದೆ. ರಟಟುಯ್, ತುಳಸಿ ಜಾತಿಯ ಸೊಪ್ಪಿನ ಪಿಸ್ತು ಸೂಪ್, ಬದನೆಕಾಯಿಯ ಪಾಪ್‌ತೋಂ ಇಲ್ಲಿನವೇ ತಿನಿಸುಗಳು, ಕೊನೆಯದರಲ್ಲಿ ಮೊಟ್ಟೆ ಇರುತ್ತದೆ. ಚೀಸ್ ಗಟ್ಟಿಯಾಗಿಸಲು ಕರುವಿನ ಹೊಟ್ಟೆಯ ಕಿಣ್ವ ಬಳಸುವುದು ಇಲ್ಲಿ ರೂಢಿ, ಕಟ್ಟುನಿಟ್ಟಿನವರು ‘ಪ್ರೆಝ್ಯೂರ್’ ಬಗ್ಗೆ ಕೇಳಿಕೊಳ್ಳಿ.

ದಿನಗಳನ್ನು ಜೋಡಿಸುವ ಕ್ರಮ

ಬುಧವಾರ ಸಂಜೆ ಬಂದು ಭಾನುವಾರ ಹೊರಡುವಂತೆ ಇಟ್ಟರೆ ಸೋಮವಾರ-ಮಂಗಳವಾರಗಳ ರಜೆಗಳೆಲ್ಲ ತಪ್ಪುತ್ತವೆ. ಗುರುವಾರ ಬೆಳಗ್ಗೆ ಅರಮನೆ, ಉದ್ಯಾನದಲ್ಲಿ ಊಟ, ಮಧ್ಯಾಹ್ನ ಪೆತಿ ಪ್ಯಾಲೇ, ಸಂಜೆ ದೋಣಿಯಲ್ಲಿ ದ್ವೀಪ. ಶುಕ್ರವಾರ ಬೆಳಗ್ಗೆ ಮಾರುಕಟ್ಟೆ, ಆಮೇಲೆ ಸೇತುವೆಗಳ ಮೇಲೆ ನಡೆದು ವಿಲ್‌ನವ್; ಸುಮಾರು ಮೂರು ಕಿಲೋಮೀಟರ್, ವಾಪಸ್ ಬರಲು ಬಸ್ಸಿದೆ. ಶನಿವಾರ ಟಿಇಆರ್‌ನಲ್ಲಿ ಇಪ್ಪತ್ತು ನಿಮಿಷದ ಆರ್ಲ್: ಅವತ್ತೇ ಅಲ್ಲಿನ ದೊಡ್ಡ ಸಂತೆ, ಮಧ್ಯಾಹ್ನದ ಹೊತ್ತಿಗೆ ಎತ್ತಿಬಿಡುತ್ತಾರೆ, ಹಾಗಾಗಿ ಸಂತೆ ಮೊದಲು, ರೋಮನ್ ಅಖಾಡ ಆಮೇಲೆ. ಭಾನುವಾರ ರೈಲು ಸಂಜೆಯದ್ದಾದರೆ ಈಲ್ ಸುರ್ ಲಾ ಸೋರ್ಗ್‌ನ ಹಳೆಯ ಸಾಮಾನುಗಳ ಸಂತೆಗೆ ಅರ್ಧ ಗಂಟೆ ಟಿಇಆರ್ ಪ್ರಯಾಣ.

ಪೋಂ ದು ಗಾರ್ ಜಲಸೇತುವೆಗೂ ಅವಿನ್ಯೋನ್‌ನಿಂದ ಬಸ್ಸಿದೆ. ಮೂರು ಅಂತಸ್ತಿನ, ಸುಮಾರು 49 ಮೀಟರ್ ಎತ್ತರದ ರೋಮನ್ ಕಟ್ಟಡ, ಒಂದು ದಿನ ಹೆಚ್ಚಿದ್ದರೆ ಬಿಡಬಾರದು. ಬಸ್ಸುಗಳು ವಿರಳ, ಭಾನುವಾರ ಇನ್ನೂ ವಿರಳ. ಹತ್ತುವ ಮೊದಲೇ ವಾಪಸ್ ಬರುವ ಬಸ್ಸಿನ ಹೊತ್ತು ಫೋನಿನಲ್ಲಿ ಚಿತ್ರ ತೆಗೆದುಕೊಳ್ಳಿ. ಅಲ್ಲಿಂದ ಟ್ಯಾಕ್ಸಿ ಕರೆದರೆ ಇಡೀ ದಿನದ ಉಳಿತಾಯ ಹೋಗುತ್ತದೆ.

ಮೊತ್ತ ಹೇಳುವುದಾದರೆ, ದೂರದ ರೈಲು ಮತ್ತು ವಿಮಾನ ಬಿಟ್ಟು, ಇಬ್ಬರು ಒಂದು ಕೊಠಡಿ ಹಂಚಿಕೊಂಡರೆ ತಲೆಗೆ ದಿನಕ್ಕೆ ಹಾಸಿಗೆಗೆ 35ರಿಂದ 50 ಯೂರೋ, ಊಟಕ್ಕೆ 25ರಿಂದ 30, ಟಿಕೆಟ್ ಮತ್ತು ಸಣ್ಣ ರೈಲುಗಳಿಗೆ ಸರಾಸರಿ 10ರಿಂದ 15 ಇಟ್ಟುಕೊಳ್ಳಿ. ಕಾರ್ಡ್ ಎಲ್ಲ ಕಡೆ ನಡೆಯುತ್ತದೆ, ಆದರೆ ಸಂತೆಗೆ ಚಿಲ್ಲರೆ ಬೇಕು. ಎಟಿಎಂ ಯಂತ್ರ ‘ನಿಮ್ಮ ದೇಶದ ಹಣದಲ್ಲಿ ಲೆಕ್ಕ ಹಾಕಲೇ’ ಎಂದು ಕೇಳಿದರೆ ಬೇಡ ಎಂದು ಒತ್ತಿ, ಯೂರೋದಲ್ಲೇ ತೆಗೆಯಿರಿ. ಯಂತ್ರದ ವಿನಿಮಯ ದರದಲ್ಲಿ ನೂರಕ್ಕೆ ಹಲವು ಯೂರೋ ನಷ್ಟವಾಗುತ್ತದೆ. ಹೊರಡುವ ದಿನ ಕೊಠಡಿ ಬಿಟ್ಟ ಮೇಲೂ ಪೆಟ್ಟಿಗೆಗಳನ್ನು ಹೋಟೆಲಿನಲ್ಲೇ ಇಡಲು ಕೇಳಿ, ಬಹುತೇಕ ಒಪ್ಪುತ್ತಾರೆ. ಸಂಜೆ ವೇಗದ ರೈಲು ಹೊರಡುವ ಒಂದು ಗಂಟೆ ಮೊದಲು ಸಾಂತ್ರ್‌ನಲ್ಲಿರಿ. ಒಂದು ಚಿಕ್ಕ ರೈಲು ತಪ್ಪಿದರೂ ಮುಂದಿನದು ಸಿಗುವಷ್ಟು ಬಿಡುವು ಅದರಲ್ಲಿದೆ.